ಜಯಮ್ಮನವರ ಹೆಸರಿನ ಬಿಳಿ ಕುದುರೆ

ಕಾಗದಪತ್ರದ ವಿಷಯದಲ್ಲಿ ನನಗೆ ಟೋಪಿ ಹಾಕಬಲ್ಲವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂದು ನಂಬಿದ್ದೆ. ಗುಬ್ಬಿಯ ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ಪೂರ್ವಕ್ಕಿರಬೇಕಾದ ತೆಂಗಿನ ತೋಟ ಕ್ರಯಪತ್ರದಲ್ಲಿ ಪಶ್ಚಿಮಕ್ಕೆ ಸರಿದಿದ್ದರೆ ಕನ್ನಡಕವಿಲ್ಲದೆ ಹಿಡಿಯುತ್ತಿದ್ದೆ. "ಓದದೆ ರುಜು ಹಾಕಬೇಡ್ರಪ್ಪ" ಎಂದು ಗದರಿಸಿ ಎಷ್ಟೋ ಜನರ ಜಮೀನು ಉಳಿಸಿದ್ದೇನೆ. ಇಂಥ ನಾನು ನಿವೃತ್ತನಾಗಿ ತುಮಕೂರಿನಲ್ಲಿ ನೆಲೆಸಿದ ಮೇಲೆ, ಒಂದು ಕುದುರೆಯ ಸಂಬಂಧ ಮಣ್ಣು ಮುಕ್ಕಿದ ಸಂಗತಿಯನ್ನು ಸಾರ್ವಜನಿಕರ ಅವಗಾಹನೆಗೆ ತರಬಯಸುತ್ತೇನೆ.

ನಾನು ಹುಟ್ಟಿದ್ದು ಕುಣಿಗಲ್ಲಿನಲ್ಲಿ. ಅಲ್ಲಿನ ಸ್ಟಡ್ ಫಾರಮ್ಮಿನ ಕುದುರೆಗಳು ಓಡುವುದನ್ನು ನೋಡುತ್ತಲೇ ಬೆಳೆದೆ. ಒಮ್ಮೆಯಾದರೂ ಹತ್ತಬೇಕೆಂಬ ಆಸೆ ಹಾಗೇ ಉಳಿಯಿತು. ಈಗ ಮಂಡಿ ಸವೆದಿದೆ. ಡಾಕ್ಟರು ಸ್ಕೂಟರನ್ನೂ ಹತ್ತಬೇಡಿ ಎಂದಿದ್ದಾರೆ. ಹೀಗಿರುವಾಗ ಮಗಳು ಸುಧಾ ಟೀವಿಗೆ ಜೋಡಿಸಿಕೊಂಡು ಆಡುವ ವಿಡಿಯೋ ಗೇಮಿನಲ್ಲಿ ಒಂದು ಜಾಹೀರಾತು ಬಂತು. ಸಮುದ್ರದ ದಂಡೆ, ಬಿಳಿ ಕುದುರೆ. ಮೇಲೆ ಕೂತವನಿಗೆ ನನ್ನಷ್ಟೇ ನರೆತ ಗಡ್ಡ.

"ಇದನ್ನ ನಾನೂ ಹತ್ತಬಹುದೇನಮ್ಮ?"

"ಎಲ್ಲರಿಗೂ ಸಿಗಲ್ಲಪ್ಪ. ಸ್ಪೆಷಲ್ ಎಡಿಷನ್ ಮೊದಲೇ ಬುಕ್ ಮಾಡ್ದೋರ್ಗೆ ಮಾತ್ರ. ಸುಮ್ನೆ ಆಸೆ ತೋರಿಸ್ತಾರೆ, ಬಿಡಿ."

ಬಿಡಲಿಲ್ಲ. ಅಂಗಡಿಗೆ ಹೋಗಿ ಬುಕ್ ಮಾಡಿದೆ. ತಿಂಗಳಾದ ಮೇಲೆ ಮಿಕ್ಸಿಯಷ್ಟು ದೊಡ್ಡ ಪೆಟ್ಟಿಗೆ ಬಂತು. ಒಳಗೆ ಒಂದು ಭೂಪಟ, ಒಂದು ಕೀಚೈನು, ಒಂದು ಚೀಟಿ. ಅಂಗಡಿಯವನಿಗೆ ಫೋನು ಮಾಡಿ ಡಿಸ್ಕು ಎಲ್ಲಿ ಎಂದು ಕೇಳಿದೆ.

"ಡಿಸ್ಕ್ ಬರಲ್ಲ ಸಾರ್. ಚೀಟೀಲಿರೋ ಕೋಡ್ ಹೊಡೀರಿ, ಗೇಮು ತಾನೇ ಇಳ್ಕೊಳುತ್ತೆ."

"ಕುದುರೆ?"

"ಕುದುರೇನೂ ಬರುತ್ತೆ. ಜೀನು ಮಾತ್ರ ಬೇರೆ ಪ್ಯಾಕು."

"ಜೀನಿಲ್ಲದೆ ಹತ್ತೋದು ಹೆಂಗಯ್ಯ?"

"ಹತ್ತಬಹುದು ಸಾರ್. ಜಾಹೀರಾತಿನಂಗೆ ಕಾಣಲ್ಲ, ಅಷ್ಟೆ."

"ಆ ಸಮುದ್ರ?"

"ಸಮುದ್ರ ಇನ್ನೂ ಬಿಟ್ಟಿಲ್ಲ ಸಾರ್. ಮುಂದಿನ ವರ್ಷ ಬಿಡಬಹುದು."

ಸಮುದ್ರವನ್ನು ಕಂತಿನಲ್ಲಿ ಬಿಡುವ ಪದ್ಧತಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆದರೂ ಕುದುರೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಕೋಡ್ ಹೊಡೆದೆ. ಖಾತೆ ಯಾರ ಹೆಸರಿಗೆ ಎಂದು ಕೇಳಿತು. ಇಲ್ಲಿ ನನ್ನ ಅನುಭವ ಕೆಲಸ ಮಾಡಿತು. ಸೈಟಾಗಲಿ, ಮನೆಯಾಗಲಿ, ಹೆಂಡತಿಯ ಹೆಸರಿಗೆ ಮಾಡಿಸುವುದೇ ಕ್ಷೇಮವೆಂದು ಅದೆಷ್ಟೋ ಜನರಿಗೆ ಸಲಹೆ ಕೊಟ್ಟವನು ನಾನು. ಜಯಮ್ಮ ಎಂದು ತುಂಬಿದೆ. ಆಮೇಲೆ ಮೈಲುದ್ದದ ಷರತ್ತುಗಳು ಬಂದವು. ಕೊನೆಯಲ್ಲಿ ಒಪ್ಪಿಗೆಯ ಗುಂಡಿ ಇತ್ತು. ಒತ್ತಿದೆ.

ಓದಲಿಲ್ಲ.

ಬಿಳಿ ಕುದುರೆ ಜಯಮ್ಮನ ಲಾಯದಲ್ಲಿ ಹೋಗಿ ನಿಂತಿತು. ನಾನು ನನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದು ಆಟಕ್ಕಿಳಿದು ಹತ್ತಲು ಹೋದರೆ, ಮಾಲೀಕರಿಗೆ ಮಾತ್ರ ಎಂದು ಕೆಂಪಕ್ಷರ ಬಂತು.

"ಅಮ್ಮನ ಹೆಸರಲ್ಲೇ ಆಡಿ ಅಪ್ಪ. ಯಾರು ನೋಡ್ತಾರೆ?" ಎಂದಳು ಸುಧಾ.

"ಇನ್ನೊಬ್ಬರ ಹೆಸರಲ್ಲಿ ಹಾಜರಾಗೋದಕ್ಕೆ ಏನಂತಾರೆ ಗೊತ್ತೇನಮ್ಮ? ನನ್ನ ಸರ್ವೀಸಿನಲ್ಲಿ ಅಂಥದ್ದಕ್ಕೆ ಅವಕಾಶ ಕೊಟ್ಟಿಲ್ಲ."

ಕಾನೂನುಬದ್ಧ ದಾರಿ ಒಂದೇ ಇತ್ತು. ಛಾಪಾ ಕಾಗದ ತಂದು, ಜಯಮ್ಮನಿಂದ ನನಗೆ ದಾನಪತ್ರ ಬರೆದೆ. ಸ್ವತ್ತಿನ ವಿವರ: ಬಿಳಿ ಬಣ್ಣದ ಗಂಡು ಕುದುರೆ ಒಂದು, ಜೀನು ರಹಿತ. ಚಕ್ಕುಬಂದಿ: ಪೂರ್ವಕ್ಕೆ ಲಾಯದ ಗೋಡೆ, ಪಶ್ಚಿಮಕ್ಕೆ ಇನ್ನೂ ಬಿಡುಗಡೆಯಾಗದ ಸಮುದ್ರ. ಸಾಕ್ಷಿಗೆ ಪಕ್ಕದ ಮನೆಯ ರಂಗಪ್ಪನನ್ನು ಕರೆದೆ.

"ಸಾಕ್ಷಿ ಹಾಕ್ತೀನಿ ಸಾರ್. ಕುದುರೆ ಎಲ್ಲೈತೆ?"

"ಟೀವಿಯೊಳಗೆ."

ರಂಗಪ್ಪ ಪೆನ್ನು ಕೆಳಗಿಟ್ಟು ಜಯಮ್ಮನ ಮುಖ ನೋಡಿದ.

"ಹಾಕ್ಬುಡಿ ಅಣ್ಣ," ಎಂದಳು ಜಯಮ್ಮ. "ಇಲ್ದಿದ್ರೆ ಬೀಪಿ ಏರಿಸ್ಕೊಂಡ್ ಕೂತ್ಕತಾರೆ."

ದಾನಪತ್ರದ ಪ್ರತಿಯನ್ನು ಸುಧಾಳ ಕೈಯಲ್ಲಿ ಗೇಮಿನ ಕಂಪನಿಗೆ ಈಮೇಲ್ ಮಾಡಿಸಿದೆ. ಮೂರನೇ ದಿನ ಉತ್ತರ ಬಂತು. ಅವಳು ಕನ್ನಡದಲ್ಲಿ ಓದಿ ಹೇಳಿದಳು. "ವೀರಯೋಧರೇ, ನಿಮ್ಮ ಉತ್ಸಾಹಕ್ಕೆ ವಂದನೆಗಳು. ತಾವು ಒಪ್ಪಿರುವ ಷರತ್ತಿನ ಪ್ರಕಾರ ಈ ಕುದುರೆಯನ್ನು ಯಾರಿಗೂ ವರ್ಗಾಯಿಸಲಾಗದು. ಚಿನ್ನದ ಬಣ್ಣದ ಹೊಸ ಕುದುರೆಗೆ ಇಂದಿನಿಂದ ಬುಕಿಂಗ್ ಆರಂಭ."

ಜಯಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಬಂದಳು.

"ಇಷ್ಟು ದಿನದಿಂದ ನನ್ನ ಹೆಸರಲ್ಲೈತೆ ಅಂತೀರ. ಹೆಂಗೈತೆ ಅಂತ ನಾನೇ ಒಂದ್ಸಲ ನೋಡ್ತೀನಿ, ಕೊಡಿ ಇಲ್ಲಿ."

ಆ ಒಂದು ಸಲ ಇನ್ನೂ ಮುಗಿದಿಲ್ಲ. ಸಂಜೆ ಕಾಫಿಯಾದ ಮೇಲೆ ಇಬ್ಬರೂ ಟೀವಿಯ ಮುಂದೆ ಕೂರುತ್ತೇವೆ. ಪರದೆಯ ಅರ್ಧ ಭಾಗದಲ್ಲಿ ಜಯಮ್ಮ ಕುದುರೆಯ ಮೇಲೆ ಬೆಟ್ಟ ಹತ್ತುತ್ತಾಳೆ, ಹಳ್ಳ ಹಾರುತ್ತಾಳೆ. ಇನ್ನರ್ಧದಲ್ಲಿ ನಾನು ಕಾಲ್ನಡಿಗೆಯಲ್ಲಿ ಹಿಂಬಾಲಿಸುತ್ತೇನೆ. "ಪಕ್ಕಕ್ಕೆ ಬನ್ರೀ, ತುಳಿದ್ಬುಡುತ್ತೆ" ಎಂದು ಆಗಾಗ ಎಚ್ಚರಿಸುತ್ತಾಳೆ. ಅದರ ಹೊಟ್ಟೆಗೆ ಹುಲ್ಲು ಕೊಯ್ದು ತರುವ ಜವಾಬ್ದಾರಿ ನನ್ನದು. ಆ ಕೆಲಸಕ್ಕೆ ಮಾತ್ರ ಯಾವ ಸ್ಪೆಷಲ್ ಎಡಿಷನ್ನೂ ಬೇಕಾಗಿಲ್ಲ, ಎಲ್ಲರಿಗೂ ಮುಕ್ತವಾಗಿದೆ.