ನಾನು ಮಡಚಿದ ಆನೆ

ನಮ್ಮ ಮನೆಯಲ್ಲಿ ಕಲೆಗೆ ಬೆಲೆಯೇ ಇಲ್ಲ. ಮೊಬೈಲ್ ನೋಡಿ ನೋಡಿ, ಕಾಗದ ಮಡಚಿ ಪ್ರಾಣಿ ಮಾಡುವ ದಿವ್ಯವಿದ್ಯೆಯನ್ನು ನಾನು ಸಿದ್ಧಿಸಿಕೊಂಡಿದ್ದೇನೆ. ಕಪ್ಪೆ, ಮೊಲ, ನವಿಲು (ಕಾಲು ಕೇಳಬೇಡಿ, ಅದು ಕೂತಿರುವ ನವಿಲು) ಎಲ್ಲವೂ ನನ್ನ ಕೈಯಲ್ಲೇ ಅವತಾರವೆತ್ತಿವೆ. ಹೆಂಡತಿ ಶಾಂತಕುಮಾರಿಯ ಹೆಸರಲ್ಲಿ ಮಾತ್ರ ಶಾಂತಿ.

“ರೀ, ಆಲ್ದೂರಿನ ಮದುವೆ ಕಾಗದ ಎಲ್ಲಿ?”

“ಕಪ್ಪೆ ಆಗಿದೆ ನೋಡೇ, ಎಷ್ಟು ಚೆನ್ನಾಗಿ ಕೂತಿದೆ!”

“ಮುಹೂರ್ತ ನೋಡಕ್ಕೆ ನಾನು ಕಪ್ಪೆ ಹೊಟ್ಟೆ ಬಿಚ್ಬೇಕಾ ಮಾರಾಯ್ರೇ? ಒಗೆದ ಬಟ್ಟೆ ಮಡಚಿ ಅಂದ್ರೆ ಮಾತ್ರ ನಿಮಗೆ ಕೈ ನೋವು!”

ಕಾಫಿ ಕೊಯ್ಲಿನ ಸಮಯ. ಒಂದು ಬೆಳಗ್ಗೆ ಬೂದು ಕಾಗದದಲ್ಲಿ ಅಂಗೈಯಗಲದ ಆನೆ ಮಾಡಿದೆ. ಏನು ಸೊಂಡಿಲು, ಏನು ಗಾಂಭೀರ್ಯ! ಕಾಫಿ ಗಿಡದ ಬುಡದಲ್ಲಿ ನಿಲ್ಲಿಸಿ ಫೋಟೋ ತೆಗೆದು, “ನಮ್ಮ ತೋಟದಲ್ಲಿ ಆನೆ!” ಎಂದು ಬರೆದು ಬಾಳೂರಿನ ವಾಟ್ಸಾಪ್ ಗುಂಪಿಗೆ ಹಾಕಿದೆ.

ಹೊತ್ತೇರಿದರೂ ಕೊಯ್ಲಿನವರ ಸುಳಿವಿಲ್ಲ. ಅವರನ್ನು ತರುತ್ತಿದ್ದ ಜೀಪು ಅರ್ಧ ದಾರಿಯಿಂದಲೇ ವಾಪಸು ಹೋಗಿತ್ತಂತೆ. ಪಕ್ಕದ ತೋಟದ ಯೋಗೇಶ್ ಫೋನ್ ಮಾಡಿ, “ಹೊರಗೆ ಬರ್ಬೇಡಿ ಜಯದೇವಪ್ಪನವ್ರೇ, ಬಾಗಿಲು ಹಾಕ್ಕೊಳಿ!” ಎಂದು ನಡುಗುವ ದನಿಯಲ್ಲಿ ಎಚ್ಚರಿಸಿದರು.

“ಹಣ್ಣು ಉದುರ್ತಾ ಇದೆ, ಈಗ ಕೊಯ್ಯೋರ್ಯಾರು?” ಎಂದು ಶಾಂತಕುಮಾರಿ ತಲೆ ಚಚ್ಚಿಕೊಂಡಳು.

ನನಗೋ ಎದೆ ಎರಡು ಗೇಣು ಉಬ್ಬಿತು. “ಹುಚ್ಚಿ, ಇಡೀ ಬಾಳೂರು ಕಾಗದದ ಆನೆಗೆ ಹೆದರಿದೆ! ಅಷ್ಟು ಜೀವಕಳೆ! ಇನ್ನಾದ್ರೂ ಗಂಡನ ಕೈಚಳಕ ಒಪ್ಕೋ!”

ಅವಳು ಬಾಯಿ ತೆರೆಯುವಷ್ಟರಲ್ಲಿ ಕೊಯ್ಲಿನವರ ಮೇಸ್ತ್ರಿ ಮಲ್ಲೇಶ್ ದೊಣ್ಣೆ ಹಿಡಿದು, ಅತ್ತಿತ್ತ ನೋಡುತ್ತ ಬಂದ. ನಾನು ಕಾಗದದ ಆನೆಯಿದ್ದ ಅಂಗೈ ಚಾಚಿದೆ. “ಇದೇ ಕಣೋ ಆ ಆನೆ! ಫೋಟೋ ನೋಡಿ ಎಲ್ಲರೂ ನಡುಗಿಬಿಟ್ರಾ?”

“ಫೋಟೋನಾ? ನಮ್ ಕಡೆ ನೆಟ್‌ವರ್ಕ್ ಎಲ್ಲಿದೆ ಸಾವ್ಕಾರ್ರೇ? ಅದು ಬೆಳಗ್ಗಿಂದ ಸುತ್ತಾನೇ ಇದೆ. ನೀವು ಬರ್ದಿದ್ದು ಮಾತ್ರ ಎಲ್ರಿಗೂ ಬಂತು.”

ಅಷ್ಟರಲ್ಲಿ ನಮ್ಮನೆ ವೈಫೈ ಹಿಡಿದು ಅವನ ಮೊಬೈಲಿನಲ್ಲಿ ಫೋಟೋ ತೆರೆದುಕೊಂಡಿತು. ಮಲ್ಲೇಶ್ ಅದನ್ನು ನೋಡಿದ, ನನ್ನ ಅಂಗೈ ನೋಡಿದ, ದೊಣ್ಣೆ ಕೆಳಗಿಟ್ಟ.

“ಅಯ್ಯೋ, ಹಂದಿ ಅಂತ ಬರ್ದಿದ್ರೆ ಎಲ್ರೂ ಕೆಲ್ಸಕ್ಕೆ ಬರ್ತಿದ್ರಲ್ಲ ಸಾವ್ಕಾರ್ರೇ!”

ಶಾಂತಕುಮಾರಿ ಒಳಗೆ ಹೋಗಿ ಕೊಯ್ಲಿನ ಚೀಲ ತಂದು, ನನ್ನ ಸೊಂಟಕ್ಕೆ ಬಿಗಿಯಾಗಿ ಕಟ್ಟಿದಳು.