ಖಾಲಿಯಾಗಿ ಹಿಂದಿರುಗಿದ ನೀರುಳ್ಳಿ ಜಾಮಿನ ಬಾಟ್ಲಿ

ಮೂಡುಬಿದಿರೆಯ ಗೃಹಕಲಾ ಪ್ರದರ್ಶನದ ತೀರ್ಪುಗಾರ ಮಹಾಶಯರ ಸನ್ನಿಧಿಗೆ, ಮಿಜಾರಿನ ನೋಣಯ್ಯನ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ನಾಲಿಗೆಯೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಭಾನುವಾರ ತಾವು ನನ್ನ ಪತ್ನಿ ವಾರಿಜಾಕ್ಷಿಯ ನೀರುಳ್ಳಿ ಜಾಮಿನ ಬಾಟ್ಲಿಗೆ ‘ಇದು ಗೊಜ್ಜು, ಜಾಮ್ ವಿಭಾಗಕ್ಕೆ ಸಲ್ಲದು’ ಎಂಬ ಚೀಟಿ ಅಂಟಿಸಿ ಹಿಂದಕ್ಕೆ ಕಳುಹಿಸಿದಿರಿ. ತಮ್ಮ ಕೈಬರಹ ಮುತ್ತು ಪೋಣಿಸಿದಂತಿದೆ. ಅದಕ್ಕೆ ಮೊದಲ ವಂದನೆ.

ತಮ್ಮದೇ ಕರಪತ್ರದ ನಾಲ್ಕನೆಯ ನಿಯಮ ‘ಊರಿನಲ್ಲಿ ಸಿಗುವ ಯಾವುದೇ ಹಣ್ಣು ಅಥವಾ ತರಕಾರಿ’ ಎನ್ನುತ್ತದೆ. ಅದನ್ನು ನಂಬಿ ಆಕೆ ಬಂಟ್ವಾಳ ಪೇಟೆಯಿಂದ ಮೂರು ರಾತಲು ನೀರುಳ್ಳಿ ತರಿಸಿ, ಬೆಲ್ಲ, ಉಪ್ಪು, ಒಳ್ಳೆಮೆಣಸು ಸೇರಿಸಿ, ಕರಪತ್ರದಲ್ಲಿ ತಾವು ಬರೆದ ವಿನೆಗರ್ ಎಂಬ ಹುಳಿ ವಸ್ತು ಯಾವ ಅಂಗಡಿಯಲ್ಲೂ ಇಲ್ಲದ್ದರಿಂದ ಪುನರ್ಪುಳಿಯ ರಸ ಹಿಂಡಿ, ಸಣ್ಣ ಉರಿಯಲ್ಲಿ ಮೂರು ತಾಸು ಮಗುಚಿದಳು. ನೀರುಳ್ಳಿ ಹೆಚ್ಚುವ ಕೆಲಸ ನನ್ನದಾದ್ದರಿಂದ ಅಂದು ಕಣ್ಣೀರು ನನಗೆ ಬಂತು. ಆಕೆಗೆ ಬಂದದ್ದು ತಮ್ಮ ಚೀಟಿ ಓದಿದಾಗ. ನೆರೆಮನೆಯ ಜುಲೈಕಾ ಅಕ್ಕಿರೊಟ್ಟಿಗೆ ಸವರಿ ತಿಂದು, ‘ವಾರಿಜಕ್ಕಾ, ಇದಕ್ಕೆ ಬಹುಮಾನ ಕೊಡದವರಿಗೆ ಜೋರು ಶೀತ ಆಗಿರ್ಬೇಕು’ ಎಂದಿದ್ದರು. ತಮಗೆ ಶುಂಠಿ ಕಷಾಯ ಬೇಕಿದ್ದರೆ ತಿಳಿಸಿ.

ಐವತ್ತೆಂಟರ ಪ್ರದರ್ಶನದಲ್ಲಿ ತಾವು ಪ್ರಥಮ ಬಹುಮಾನ ಕೊಟ್ಟ ಅನಾನಸು ಜಾಮು ನನಗಿನ್ನೂ ನೆನಪಿದೆ. ಅದರೊಳಗೆ ಹೋದ ತಮ್ಮ ಚಮಚ ಹೊರಗೆ ಬರಲಿಲ್ಲ. ಚಮಚದ ಸಮೇತ ಬಹುಮಾನ ನೀಡಿದ ಔದಾರ್ಯ ತಮ್ಮದು. ಈಗ ಕನ್ಯಾನದ ಆಚೆ ಎರಡು ರಾಜ್ಯಗಳ ಗಡಿಯನ್ನೇ ಗುರುತಿಸಿಯಾಗಿದೆ. ಅದೇ ಪ್ರಕಾರ ಸರ್ವೆಯವರನ್ನು ಸರಪಳಿ ಸಮೇತ ಕರೆತಂದು, ಗೊಜ್ಜು ಎಲ್ಲಿ ಮುಗಿದು ಜಾಮ್ ಎಲ್ಲಿ ಆರಂಭವಾಗುತ್ತದೆಂದು ನಮ್ಮ ಬಾಣಲೆಯಲ್ಲಿ ಕಲ್ಲು ನೆಡಿಸಬೇಕೆಂದು ಪ್ರಾರ್ಥನೆ.

ಆದರೆ ಬಾಣಲೆ ಈಗ ಅಟ್ಟದಲ್ಲಿ ಕವುಚಿ ಮಲಗಿದೆ. ‘ಇನ್ನು ಈ ಮನೆಗೆ ನೀರುಳ್ಳಿ ತರುವುದು ಬೇಡ’ ಎಂದು ಆಕೆ ಹೇಳಿ ಇಂದಿಗೆ ಐದು ದಿನ. ಸಪ್ಪೆ ಸಾರನ್ನು ನಾನು ಸಹಿಸಿಯೇನು. ಆಕೆ ಬಯಸಿದ್ದು ಬಹುಮಾನದ ಲೋಟವನ್ನಲ್ಲ, ಪ್ರಶಸ್ತಿಪತ್ರದಲ್ಲಿ ತನ್ನ ಹೆಸರನ್ನು. ಮದುವೆಯ ಕಾಗದದ ಬಳಿಕ ಅದು ಎಲ್ಲಿಯೂ ಕಂಡದ್ದಿಲ್ಲ. ಬಂದ ಕಾಗದಗಳಲ್ಲೆಲ್ಲ ಆಕೆ ‘ನೋಣಯ್ಯನವರ ಮನೆಯವರು’.

ಈ ತೀರ್ಪೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ
ತಮ್ಮ ವಿಶ್ವಾಸಿ,
ನೋಣಯ್ಯ

ಮರೆತ ಮಾತು: ಕಂಠಮಟ್ಟ ತುಂಬಿ ಕಳುಹಿಸಿದ್ದ ಬಾಟ್ಲಿ ತಮ್ಮಿಂದ ಖಾಲಿಯಾಗಿ ಹಿಂದಿರುಗಿದೆ, ಒಳಗೆ ಬೆರಳಿನಿಂದ ಬಳಿದ ಗೆರೆಗಳೂ ಉಂಟು. ಸಲ್ಲದ ಗೊಜ್ಜು ಎಲ್ಲಿಗೆ ಸಂದಿತೆಂದು ಕೇಳುವುದಿಲ್ಲ. ಆದರೆ ನಮ್ಮ ಕಡೆ ತಿಂಡಿ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಕ್ರಮವಿಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತೇವೆ. ಬಾಟ್ಲಿಯನ್ನು ತೊಳೆದು ಈ ಪತ್ರದೊಂದಿಗೆ ಪುನಃ ಕಳುಹಿಸಿದ್ದೇನೆ. ಪ್ರಶಸ್ತಿಪತ್ರವನ್ನು ಸುರುಳಿ ಸುತ್ತಿದರೆ ಅದರೊಳಗೆ ಸರಿಯಾಗಿ ಹಿಡಿಯುತ್ತದೆ. ಹೆಸರು ವಾರಿಜಾಕ್ಷಿ, ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆಯಿರಿ.