ಕೊಡೆ ಮಾಮನ ನಾಲ್ಕು ಕೋಣೆ

ಕಂಪ್ಯೂಟರನ್ನೇ ಬದಲಾಯಿಸಿದ್ದರೆ ಕೊಡೆ ಮಾಮ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಪೆಟ್ಟಿಗೆ ಅದೇ, ಕೀಬೋರ್ಡಿನ ಮೇಲಿನ ಕಾಫಿ ಕಲೆಯೂ ಅದೇ. ಒಳಗಿನ ಆಪರೇಟಿಂಗ್ ಸಿಸ್ಟಂ ಒಂದನ್ನು ಮಾತ್ರ ರಜೆಯ ದಿನ ಯಾರೋ ಬಂದು ಬದಲಾಯಿಸಿ ಹೋಗಿದ್ದರು. ಬೆಳಿಗ್ಗೆ ಗುಂಡಿ ಒತ್ತಿ ನೋಡಿದರೆ, ಇಷ್ಟು ವರ್ಷ ಪರದೆಯ ಕೆಳಗೆ ತೆಪ್ಪಗಿದ್ದ ಗುಂಡಿಗಳ ಸಾಲು ಮೇಲೆ ಹತ್ತಿ ಕೂತಿತ್ತು.

ಅದು ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕಚೇರಿ. ಜನ ಬೋಗಿಯಲ್ಲಿ ಮರೆತ ಚೀಲ, ಕನ್ನಡಕ, ಹಲ್ಲಿನ ಸೆಟ್ಟು ಎಲ್ಲವೂ ಮಾಮನ ಮುಂದೆ ಬರುತ್ತಿದ್ದವು. ಹೆಚ್ಚಾಗಿ ಬರುತ್ತಿದ್ದದ್ದು ಕೊಡೆ, ಹಾಗಾಗಿ ಆ ಹೆಸರು. ಸಂಜೆ ಮೇಲಧಿಕಾರಿ ಬರುತ್ತಾರೆ, ಹೊಸ ಸಿಸ್ಟಂ ಬಾರದವರನ್ನು ಊರಾಚೆಯ ಗೋಡೌನಿಗೆ ಎತ್ತಿಹಾಕುತ್ತಾರೆ ಎಂಬ ಸುದ್ದಿ ತಂದವನು ಪಾರ್ಸೆಲ್ ಗುಮಾಸ್ತ. ಮಾಮನ ಹೆಂಡತಿಗೆ ಕಣ್ಣಿನ ಆಪರೇಷನ್ ಆಗಿತ್ತು. ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇದ್ದದ್ದರಿಂದ ಆಗಾಗ ಓಡಿಹೋಗಿ ಹನಿ ಹಾಕಿ ಬರುತ್ತಿದ್ದ. ಆ ಪುಣ್ಯಾತ್ಗಿತ್ತಿ ಬೇರೆ ಯಾರ ಕೈಗೂ ಕಣ್ಣು ಕೊಡುತ್ತಿರಲಿಲ್ಲ. ಗೋಡೌನಿಗೆ ಹೋದರೆ ಹನಿ ಹಾಕುವವರು ಯಾರು?

ಒಬ್ಬ ಪ್ರಯಾಣಿಕ ಸೂಟ್‌ಕೇಸ್ ಕೇಳಿಕೊಂಡು ಬಂದ. ಮಾಮ ಗಾಬರಿಯಲ್ಲಿ ಎರಡು ಮೂರು ಕೀ ಒಟ್ಟಿಗೆ ಅದುಮಿದ. ಪರದೆಯ ಮೇಲಿದ್ದ ಸಾಮಾನುಗಳ ಪಟ್ಟಿಯೇ ಮಾಯ! ಪಕ್ಕದ ಮೇಜಿನ ಟೈಪಿಸ್ಟಮ್ಮ ಬಗ್ಗಿ ನೋಡಿ, ಎಲ್ಲ ಅಳಿಸಿಹೋಯಿತು, ಇನ್ನು ದೇವರೇ ಗತಿ ಎಂದರು. ಪಾರ್ಸೆಲ್ ಗುಮಾಸ್ತ ಇದಕ್ಕೆಲ್ಲ ಒಂದೇ ಮದ್ದು ಎನ್ನುತ್ತ ಮೇಜಿನಡಿ ನುಗ್ಗಿ ವೈರು ಕಿತ್ತ. ನಿಂತದ್ದು ಫ್ಯಾನು. ಕಳೆದುಹೋದದ್ದನ್ನು ಹುಡುಕಿಕೊಡುವ ಕಚೇರಿಯಲ್ಲೇ ಹೀಗಾದರೆ ಹೇಗೆ ಎಂದು ಗೊಣಗುತ್ತ ಪ್ರಯಾಣಿಕ ಬೆವರು ಒರೆಸಿಕೊಂಡ.

ಮಾಮನಿಗೆ ಮಾತ್ರ ಭಯಕ್ಕಿಂತ ಹೆಚ್ಚಾಗಿ ಕುತೂಹಲ ಹತ್ತಿತು. ಹೋದದ್ದು ಹೋಯಿತು, ಆದರೆ ಹೋದದ್ದು ಎಲ್ಲಿಗೆ? ಇಬ್ಬರನ್ನೂ ಆಚೆ ಸರಿಸಿ, ಮೊದಲು ಅದುಮಿದ ಕೀಗಳನ್ನೇ ಮೆಲ್ಲಗೆ ತಡಕಿದ. ಪಟ್ಟಿ ಪಕ್ಕದಿಂದ ಜಾರಿಕೊಂಡು ವಾಪಸು ಬಂತು. ಇನ್ನೊಮ್ಮೆ ಒತ್ತಿದ, ಹೋಯಿತು. ಮತ್ತೆ ಒತ್ತಿದ, ಬಂತು. ಒಂದೇ ಪರದೆಯ ಹಿಂದೆ ನಾಲ್ಕು ಪರದೆಗಳಿದ್ದವು, ಮನೆಯೊಳಗಿನ ಕೋಣೆಗಳ ಹಾಗೆ. ಮಾಮ ಒಂದರಲ್ಲಿ ಚೀಲಗಳ ಪಟ್ಟಿ ತೆರೆದಿಟ್ಟ, ಒಂದರಲ್ಲಿ ಕೊಡೆಗಳದ್ದು. ಸೂಟ್‌ಕೇಸೂ ಸಿಕ್ಕಿತು.

ಮಧ್ಯಾಹ್ನ ಹನಿ ಹಾಕಲು ಹೋದವನು ಹೆಂಡತಿಯ ಕಣ್ಣುರೆಪ್ಪೆ ಬಿಡಿಸಿ ಹಿಡಿದುಕೊಂಡೇ ನಾಲ್ಕು ಕೋಣೆಗಳ ವರ್ಣನೆಗೆ ಶುರುವಿಟ್ಟ.

"ಮೊದ್ಲು ಹನಿ ಹಾಕಿ, ಆಮೇಲೆ ಕೋಣೆ ತೋರ್ಸಿ," ಎಂದಳು ಅವಳು. ಹಾಕಿದ ಮೇಲೆ ಕಣ್ಣು ಮುಚ್ಚಿಕೊಂಡು ನಕ್ಕಳು. "ಇನ್ನು ನಿಮ್ಮನ್ನ ಇಲ್ಲಿಂದ ಯಾರೂ ಕದಲಿಸಲ್ಲ ಬಿಡಿ."

ಅಷ್ಟು ಕೇಳಿದ್ದೇ ಮಾಮನಿಗೆ ಕೊಂಬು ಬಂತು. ಕಚೇರಿಗೆ ಮರಳಿ, ತಾನೊಬ್ಬನೇ ಉಳಿದರೆ ಸಾಕೇ ಎಂದುಕೊಂಡು ಟೈಪಿಸ್ಟಮ್ಮ, ಗುಮಾಸ್ತ ಇಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದ. ಸಂಜೆಯ ಹೊತ್ತಿಗೆ ಟೈಪಿಸ್ಟಮ್ಮ ಅವನಿಗಿಂತ ಚುರುಕಾಗಿ ಕೋಣೆಯಿಂದ ಕೋಣೆಗೆ ಹಾರುತ್ತಿದ್ದರು.

ಮೇಲಧಿಕಾರಿ ಬಂದರು. ಯಾರಿಗೆ ಬರುತ್ತದೆ ಎಂದು ಕೇಳುವುದರೊಳಗೆ ಮಾಮ ಮುಂದೆ ನುಗ್ಗಿ ನಾಲ್ಕೂ ಕೋಣೆ ತೋರಿಸಿದ. ಅಧಿಕಾರಿ ಅವನ ಬೆನ್ನು ತಟ್ಟಿದರು.

"ಸದ್ಯ, ಒಬ್ರಾದ್ರೂ ಸಿಕ್ಕಿದ್ರಲ್ಲ. ಗೋಡೌನಲ್ಲೂ ಇದನ್ನೇ ಹಾಕಿದೀವಿ, ಅಲ್ಲಿ ಒಬ್ರಿಗೂ ತಲೆಬುಡ ಗೊತ್ತಾಗ್ತಿಲ್ಲ. ನಾಳೆಯಿಂದ ನೀವು ಅಲ್ಲಿಗೆ ಹೋಗಿ."

ಗುಮಾಸ್ತ ತಂದದ್ದು ತಲೆಕೆಳಗಾದ ಸುದ್ದಿ!

"ನಂಗೇನೂ ಬರಲ್ಲ ಸಾರ್," ಎಂದು ಮಾಮ ತೊದಲಿದ. "ಏನೋ ಕೈತಪ್ಪಿ ಒತ್ತಿದೆ, ಬಂತು ಅಷ್ಟೆ." ಅಧಿಕಾರಿಯ ಮುಖದಲ್ಲಿ ಅನುಮಾನ ಮೂಡಿತು. ಬೇರೆಯವರನ್ನು ನೋಡೋಣವೇ ಎನ್ನುವಂತೆ ಅವರು ಆ ಇಬ್ಬರ ಕಡೆ ತಿರುಗಿದರು.

ಟೈಪಿಸ್ಟಮ್ಮ ತಮ್ಮ ಮೇಜಿನ ಕೀಬೋರ್ಡಿನಿಂದ ಮೆಲ್ಲಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅವರಿಗೆ ಸಂಕೋಚ ಸಾರ್," ಎಂದರು. "ಮಧ್ಯಾಹ್ನದಿಂದ ನಮ್ಮಿಬ್ಬರಿಗೂ ಅವರೇ ಪಾಠ ಹೇಳ್ತಿದ್ದಾರೆ. ಎಷ್ಟು ಚೆನ್ನಾಗಿ ಹೇಳ್ಕೊಟ್ರು ಅಂತೀರಿ! ಪಾಪ, ನಮ್ಮ ತಲೆಗೇ ಒಂದಕ್ಷರ ಹತ್ತಲಿಲ್ಲ."